ಹದಿನಾರನೇ ಮನೆಯ ಅಳತೆ

ಫೆಬ್ರವರಿ 27ರಂದು ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಕಾಲೊನಿಯ ಒಂದನೇ ಮನೆಯಿಂದ ಅಳತೆ ಶುರು ಮಾಡಿದೆ. ಒಂದರಿಂದ ಶುರು ಮಾಡಿದ್ದೇ ತಪ್ಪು ಎಂದು ತಿಳಿಯಲು ನನಗೆ ಹತ್ತು ದಿನ ಬೇಕಾಯಿತು.

ವಿರೂಪಾಕ್ಷಿಪುರ ಹೋಬಳಿಯ ಆ ಹಳ್ಳಿಯಲ್ಲಿ, ಊರಿಂದ ಸ್ವಲ್ಪ ಆಚೆಗೆ, ಪಂಚಾಯಿತಿ ನಿವೇಶನ ಕೊಟ್ಟು ಸರ್ಕಾರದ ವಸತಿ ಯೋಜನೆಯಲ್ಲಿ ಹದಿನಾರು ಮನೆ ಎಬ್ಬಿಸಿತ್ತು. ಎರಡು ಸಾಲು, ಸಾಲಿಗೆ ಎಂಟು. ಎಲ್ಲಕ್ಕೂ ಒಂದೇ ನಕ್ಷೆ: ಒಂದು ಹಜಾರ, ಅದರ ಮೂಲೆಯಲ್ಲಿ ಅಡುಗೆ ಕಟ್ಟೆ, ಹಿಂದೆ ಬಚ್ಚಲು. ಗಾರೆ ಕೆಲಸದವರೆಲ್ಲ ಬಿಡದಿ, ಹಾರೋಹಳ್ಳಿ ಕಡೆ ಕಾರ್ಖಾನೆ ಕಟ್ಟಲು ಹೋಗಿಬಿಟ್ಟಿದ್ದರಿಂದ ಒಂದು ವರ್ಷದ ಕೆಲಸ ಎರಡು ವರ್ಷ ಎಳೆದಿತ್ತು. ಕಟ್ಟಿಸುವುದು ನನ್ನ ಪಾಲಿನ ಕೆಲಸವಲ್ಲ. ಮುಗಿದಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ಚನ್ನಪಟ್ಟಣದಲ್ಲಿ ಗುತ್ತಿಗೆ ಮೇಲಿದ್ದ ಕಿರಿಯ ಇಂಜಿನಿಯರ್ ನಾನು, ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು.

ಮನೆಗೊಂದು ನಮೂನೆ ತುಂಬಬೇಕು. ಒಳಗಿನ ಉದ್ದ, ಅಗಲ, ಎತ್ತರ. ನೆಲ, ಬಾಗಿಲು, ಕಿಟಕಿ. ಎರಡು ಫೋಟೋ: ಒಂದು ಮನೆಯ ಮುಂದೆ ಫಲಾನುಭವಿ ನಿಂತದ್ದು, ಇನ್ನೊಂದು ಒಳಗಿನ ಅಡುಗೆ ಕಟ್ಟೆ ಕಾಣುವಂಥದ್ದು. ಕೊನೆಯ ಕಲಮು, ‘ಫಲಾನುಭವಿ ವಾಸವಿದ್ದಾರೆಯೇ’. ಅದರ ಕೆಳಗೆ ಅಚ್ಚಾದ ಒಂದು ಸಾಲು: ‘ಮೇಲ್ಕಂಡ ಅಳತೆಗಳನ್ನು ನಾನು ಖುದ್ದು ಮನೆಯೊಳಗೆ ಹೋಗಿ ತೆಗೆದಿರುತ್ತೇನೆ.’ ಅದರಡಿ ನನ್ನ ಸಹಿ.

ಅಂದು ಆರು ಮನೆ ಮುಗಿಸಿದೆ. ಡೈರಿಯಲ್ಲಿ ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು ಬರೆದಿದ್ದೇನೆ. ಆರರಲ್ಲೂ ರೇಷ್ಮೆ ಹುಳ ಇತ್ತು. ಹಜಾರದ ತುಂಬ ಬಿದಿರಿನ ತಟ್ಟೆಗಳ ಅಟ್ಟಣೆ, ತಟ್ಟೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಹುಳ. ಮಳೆ ಬರುವ ಸದ್ದಿನಂತೆ ಹುಳ ಮೇಯುವ ಸದ್ದು. ಅಡುಗೆ ಕಟ್ಟೆಯ ಮೇಲೆ ಸೊಪ್ಪಿನ ಹೊರೆ. ಜನ ಹೊರಗೆ ತೆಂಗಿನ ಗರಿ ಇಳಿಬಿಟ್ಟು ಮಾಡಿಕೊಂಡ ಮಾಡಿನಲ್ಲಿ ಅಡುಗೆ ಮಾಡುತ್ತಿದ್ದರು. ನಾನು ಚನ್ನಪಟ್ಟಣದ ಪೇಟೆಯಲ್ಲಿ ಬೆಳೆದವಳು, ಗೂಡು ಗಾಡಿಯಲ್ಲಿ ಹೋಗುವುದನ್ನು ನೋಡಿದ್ದೆ, ಹುಳದ ಮನೆಯೊಳಗೆ ಕಾಲಿಟ್ಟಿರಲಿಲ್ಲ. ತಟ್ಟೆಗಳ ಸಂದಿಯಲ್ಲಿ ಬಗ್ಗಿ, ಬಟ್ಟೆಯ ಟೇಪನ್ನು ನೆಲದ ಮೇಲೆ ಎಳೆದು ಅಳತೆ ತೆಗೆದೆ. ಒಂದೆರಡು ಮನೆಯಲ್ಲಿ ಹೆಂಗಸರು ನನ್ನನ್ನು ಬಾಗಿಲಲ್ಲೇ ತಡೆದು, ನಾನು ‘ಹೊರಗಾಗಿಲ್ಲ’ ತಾನೇ ಎಂದು ಕಿವಿಯಲ್ಲಿ ಕೇಳಿದರು. ಇಲ್ಲ ಎಂದೆ, ಬಿಟ್ಟರು. ಯಾವ ಮನೆಯಿಂದ ಬಂದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಇಂಜಿನಿಯರನ್ನು ಅಷ್ಟು ಕೇಳುವುದು ಸರಿಯಲ್ಲ ಎಂದುಕೊಂಡಿರಬೇಕು.

ಆರು ನಮೂನೆಯಲ್ಲೂ ವಾಸದ ಕಲಮಿನಲ್ಲಿ ‘ಇಲ್ಲ’ ಎಂದು ಬರೆದೆ.

ಮಾರ್ಚ್ 1ರಂದು ನನ್ನ ಮೇಲಿನ ಇಂಜಿನಿಯರು, ನಾವೆಲ್ಲ ಸಾಹೇಬರು ಎನ್ನುತ್ತಿದ್ದವರು, ಆ ಆರು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಆ ಕಾಲೊನಿಗೆ ಒಂದು ಕಿರು ನೀರಿನ ಟ್ಯಾಂಕು, ಪೈಪು, ನಾಲ್ಕು ಬೀದಿ ನಲ್ಲಿ ಮಂಜೂರಿಗೆ ಹೋಗಿರುವುದು ನನಗೆ ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ. ಷರತ್ತು ಇಷ್ಟೆ: ಮಾರ್ಚ್ 31ರೊಳಗೆ ಹದಿನಾರೂ ಮನೆ ಮುಗಿದು ಜನ ವಾಸವಿದ್ದಾರೆಂದು ವರದಿ ಹೋಗಬೇಕು. ಒಂದು ಕಡಿಮೆಯಾದರೂ ಆ ಟ್ಯಾಂಕು ಪಟ್ಟಿಯಲ್ಲಿ ಅದರ ಹಿಂದಿರುವ ಇನ್ನೊಂದು ಊರಿಗೆ ಹೋಗುತ್ತದೆ. ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಕಡತಗಳು ಬೆಂಗಳೂರಿಗೆ ಹೋಗಿ ಬರಬೇಕಿತ್ತು, ಅಲ್ಲಿ ಯಾರಿಗೂ ಈ ಕಾಲೊನಿಯ ಗುರುತಿರಲಿಲ್ಲ.

ಪಕ್ಕದಲ್ಲಿದ್ದ ಪಂಚಾಯಿತಿ ಕಾರ್ಯದರ್ಶಿ ನನ್ನ ‘ಇಲ್ಲ’ಗಳನ್ನು ನೋಡಿ ತಲೆ ಕೆರೆದುಕೊಂಡರು. ಮೇಡಂ, ಅವರು ಮಲಗೋದು ಅಲ್ಲೇ, ಅಟ್ಟಣೆ ಕೆಳಗೆ ಚಾಪೆ ಹಾಕ್ಕೊಂಡು, ಹುಳಕ್ಕೆ ರಾತ್ರಿಯೆಲ್ಲ ಸೊಪ್ಪು ಹಾಕೋರು ಬೇರೆ ಎಲ್ಲಿ ಮಲಗ್ತಾರೆ ಎಂದರು. ಇದು ನನಗೆ ಹೊಳೆದಿರಲಿಲ್ಲ. ಸಾಹೇಬರು ಹೇಳಿದ್ದು ಚಿಕ್ಕದು. ವಾಸವಿದ್ದರೆ ಇದ್ದಾರೆ ಅಂತ ಬರಿ, ಆದರೆ ಒಲೆ ಹಚ್ಚಿದ ಅಡುಗೆ ಕಟ್ಟೆಯ ಫೋಟೋ ಇಲ್ಲದೆ ನಾನು ಸಹಿ ಹಾಕಲ್ಲ.

ಹಾಗಾಗಿ ಮಾರ್ಚ್ 5ರಂದು ಮತ್ತೆ ಹೋದೆ. ಬಸ್ಸಿಳಿದು ನಡೆಯುವಾಗಲೇ ಸಾಲಿನ ಹಿಂದೆ ಹೊಸದಾಗಿ ತೋಡಿದ ಗುಂಡಿ ಕಾಣಿಸಿತು. ಸುತ್ತ ಸುಣ್ಣ ಚೆಲ್ಲಿತ್ತು. ಮೂರು, ನಾಲ್ಕು, ಐದನೇ ಮನೆಯ ಹುಳವೆಲ್ಲ ಅದರೊಳಗಿತ್ತು. ಹಾಲುರೋಗ. ಹುಳ ಊದಿಕೊಂಡು, ಚರ್ಮ ಒಡೆದು ಬಿಳಿ ರಸ ಸುರಿಸಿ ಸಾಯುತ್ತದೆ. ಇನ್ನೆರಡು ಮೂರು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳಗಳು.

ನಾಲ್ಕನೇ ಮನೆಯಾಕೆ ಮಾಡಿನಡಿ ಕೂತಿದ್ದಳು. ನನ್ನನ್ನು ನೋಡಿ ಬೈಯಲಿಲ್ಲ. ಮೆಲ್ಲಗೆ ಕೇಳಿದಳು:

“ಇಂಜಿನೇರಮ್ಮ, ಆವತ್ತು ನಮ್ಮನೆಗೆ ಬಂದ್ರಲ್ಲ, ಯಾರ ಮನೆಯಿಂದ ಬಂದ್ರಿ?”

ಡೈರಿ ತೆಗೆಯದೆಯೇ ಉತ್ತರ ಗೊತ್ತಿತ್ತು. ಆದರೂ ತೆಗೆದೆ. ಮೂರನೇ ಮನೆ, ಹನ್ನೊಂದು ನಲವತ್ತರಿಂದ ಹನ್ನೆರಡು. ನಾಲ್ಕನೇ ಮನೆ, ಹನ್ನೆರಡು ಐದು. ಐದನೇ ಮನೆ, ಹನ್ನೆರಡೂವರೆ. ಓದಲಿಲ್ಲ. ಸಾಲಾಗಿ ಬಂದೆ ಎಂದಷ್ಟೇ ಹೇಳಿದೆ. ಅಲ್ಲೇ ನಿಂತಿದ್ದ ಮೂರನೇ ಮನೆಯ ಮುದುಕ, ನನ್ನ ಹುಳ ಆವತ್ತು ಚಿನ್ನದಂಗಿದ್ವು, ಕಾಯಿಲೆ ಬಂದಿದ್ದು ಆಮೇಲೆ ಎಂದ. ಅವನ ಮಾತಿಗೆ ಯಾರೂ ಎದುರು ಹೇಳಲಿಲ್ಲ. ಹುಳಕ್ಕೆ ಕಾಯಿಲೆ ಬಿದ್ದರೆ ಆ ಕಡೆ ಯಾರೂ ಬಾಯಿ ಬಿಡುವುದಿಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಕಾಯಿಲೆ ಬಂದ ಮನೆ ಎಂದು ಹೆಸರು ಬಿದ್ದರೆ ಮುಂದಿನ ಬೆಳೆಗೆ ಸೊಪ್ಪು ಕೊಡುವವರು ಹಿಂದೆ ಸರಿಯುತ್ತಾರೆ.

ಒಂದು ಮತ್ತು ಎರಡನೇ ಮನೆ ಚೆನ್ನಾಗಿದ್ದವು. ಆರನೇ ಮನೆಯ ಹುಳ ನಾನು ಹೋದಾಗಲೇ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿತ್ತು, ಅದೂ ಉಳಿಯಿತು. ಮನೆಗಳ ಅಂಕಿ ಮತ್ತು ನನ್ನ ಗಡಿಯಾರದ ಅಂಕಿ ಎದುರು ಬದುರಾಗಿ ಬರೆದು ನೋಡಿದರೆ ಯಾರಿಗಾದರೂ ಒಂದು ಸಂಶಯ ಬರಲೇಬೇಕು.

ಮರುದಿನ ರೇಷ್ಮೆ ಇಲಾಖೆಯ ನಿರೀಕ್ಷಕರ ಬಳಿ ಹೋದೆ. ಅವರು ಟೀ ತರಿಸಿ, ಪೂರ್ತಿ ಕೇಳಿಸಿಕೊಂಡರು. ರೋಗ ಕಾಲಿನಲ್ಲಿ ಬರುತ್ತದೆ, ಬಟ್ಟೆಯಲ್ಲಿ ಬರುತ್ತದೆ, ಸೊಪ್ಪಿನಲ್ಲಿ, ತಟ್ಟೆಯಲ್ಲಿ ಬರುತ್ತದೆ, ಸೆಕೆ ಹೆಚ್ಚಾದರೂ ಬರುತ್ತದೆ ಎಂದರು. ನಿಮ್ಮಿಂದಲೇ ಅಂತ ನಾನು ಹೇಳೋಕಾಗಲ್ಲ, ನಿಮ್ಮಿಂದ ಅಲ್ಲ ಅಂತಲೂ ಹೇಳೋಕಾಗಲ್ಲ. ಆ ಬಟ್ಟೆ ಟೇಪು ಮಾತ್ರ ಇನ್ನು ಹುಳದ ಮನೆಗೆ ಒಯ್ಯಬೇಡಿ ಎಂದರು. ಆ ಟೇಪು ಈಗಲೂ ನನ್ನ ಬೀರುವಿನಲ್ಲಿದೆ, ಬಳಸಿಲ್ಲ.

ಇಲ್ಲಿಂದ ಕೆಲಸದ ರೀತಿ ಬದಲಾಯಿಸಿದೆ. ಒಂದು ಬೆಳೆ ಮುಗಿದು ಗೂಡು ಬಿಡಿಸಿದ ಮೇಲೆ, ಮುಂದಿನ ಮರಿ ತರುವ ಮುಂಚೆ, ಪ್ರತಿ ಮನೆಯೂ ನಾಲ್ಕೈದು ದಿನ ಖಾಲಿ ಇರುತ್ತದೆ ಎಂದು ನಿರೀಕ್ಷಕರು ಹೇಳಿದ್ದರು. ತಟ್ಟೆ ತೊಳೆದು, ಸುಣ್ಣ ಬಳಿದು, ಔಷಧಿ ಹೊಡೆದು, ಬಾಗಿಲು ಮುಚ್ಚಿ ತೆಗೆಯುವ ದಿನಗಳವು. ಆ ದಿನಗಳಲ್ಲಿ ಹೋದರೆ ಯಾರಿಗೂ ಭಯವಿಲ್ಲ.

ಮಾರ್ಚ್ 9ರಂದು ಕಾಲೊನಿಯ ಅರಳಿಕಟ್ಟೆಯ ಮೇಲೆ ಕೂತು ಒಂದು ಪಟ್ಟಿ ಮಾಡಿದೆ. ಯಾರ ಮನೆಯೊಳಗೂ ಹೋಗಲಿಲ್ಲ, ಹೆಂಗಸರೇ ಬಂದು ಹೇಳಿದರು. ಎಡಕ್ಕೆ ಮನೆಯ ಸಂಖ್ಯೆ. ನಂತರ ಮರಿ ತಂದು ಎಳೆ ಸೊಪ್ಪಿಗೆ ಬಿಟ್ಟ, ಅವರ ಮಾತಲ್ಲಿ ಚಾಕಿ ಕಟ್ಟಿದ ದಿನ, ಈಗ ಎಷ್ಟನೇ ಜ್ವರ, ಗೂಡು ಬಿಡಿಸುವ ದಿನ, ಮನೆ ಖಾಲಿಯಾಗುವ ದಿನ. ಜ್ವರವೆಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಚರ್ಮ ಕಳಚುವುದನ್ನು ಅವರು ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಒಂದು ವಾರ ಮೇದು ಹುಳ ಹಣ್ಣಾಗಿ ಗೂಡು ಕಟ್ಟತೊಡಗುತ್ತದೆ. ಬಾಯಿಲೆಕ್ಕದಲ್ಲಿ ಅವರು ಹೇಳಿದ ದಿನಗಳು ನನ್ನ ಕ್ಯಾಲೆಂಡರಿಗೆ ಒಂದು ದಿನವೂ ತಪ್ಪಲಿಲ್ಲ.

ಪಟ್ಟಿ ಮುಗಿದಾಗ ಹದಿನೈದು ಮನೆ ಮಾರ್ಚ್ 31ರ ಒಳಗೆ ಬಿದ್ದವು. ಹದಿನಾರನೆಯದು ಬೀಳಲಿಲ್ಲ. ಚಾಕಿ ಕಟ್ಟಿದ್ದು ಮಾರ್ಚ್ 6. ಗೂಡು ಬಿಡಿಸುವುದು ಏಪ್ರಿಲ್ 6. ಖಾಲಿಯಾಗುವುದು ಏಪ್ರಿಲ್ 7.

ಫೆಬ್ರವರಿ 27ರಂದು, ನಾನು ಒಂದನೇ ಮನೆಯಿಂದ ಶುರು ಮಾಡಿದ ದಿನ, ಹದಿನಾರನೇ ಮನೆ ಪೂರ್ತಿ ಖಾಲಿ ಇತ್ತು. ಅಂದು ಬಾಗಿಲು ತೆರೆದು ಒಲೆ ಹಚ್ಚಿ ಮುದ್ದೆ ತಿರುವುತ್ತಿದ್ದೆ ಎಂದು ಆ ಮನೆಯಾಕೆಯೇ ಹೇಳಿದಳು.

ಆಕೆಗೆ ಮೂವತ್ತೈದರ ಆಚೀಚೆ. ಗಂಡ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕಾವಲು ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಸ್ವಂತ ತೋಟವಿಲ್ಲ. ಊರಿನ ಒಬ್ಬ ರೈತನ ಹಿಪ್ಪುನೇರಳೆ ತೋಟದ ಸೊಪ್ಪನ್ನು ವಾರಕ್ಕೆ, ಎಂದರೆ ಪಾಲಿಗೆ, ಹಿಡಿದಿದ್ದಳು. ಸೊಪ್ಪು ಅವನದು, ದುಡಿಮೆ ಇವಳದು, ಗೂಡು ಇಬ್ಬರಿಗೂ ಅರ್ಧರ್ಧ. ಅದೇ ಮೊದಲ ಬೆಳೆ. ಅದು ಕೆಟ್ಟರೆ ತೋಟ ಬೇರೆಯವರ ಪಾಲು ಎಂದು ಆತ ಮೊದಲೇ ಹೇಳಿಬಿಟ್ಟಿದ್ದ. ಸುಣ್ಣ ಚೆಲ್ಲಿದ ಗುಂಡಿ ಆಕೆಯ ಹಿತ್ತಲಿಂದ ಕಾಣುತ್ತಿತ್ತು.

ಮುಂದಿನ ಮೂರು ವಾರ ಪಟ್ಟಿಯಂತೆ ನಡೆಯಿತು. ಮಾರ್ಚ್ 11ರಂದು ಮೂರು, ನಾಲ್ಕು, ಐದನೇ ಮನೆ. ಅವು ಬೆಳೆ ಕೆಟ್ಟು ಖಾಲಿಯಾದ ಮನೆಗಳು. ನಾಲ್ಕನೇ ಮನೆಯಾಕೆ ಒಲೆ ಹಚ್ಚಿ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು, ನನ್ನ ಜೊತೆ ಮಾತಾಡಲಿಲ್ಲ. ಮಾರ್ಚ್ 13ರಂದು ಆರು ಮತ್ತು ಒಂದು. 17ರಂದು ಏಳು, ಎಂಟು, ಹನ್ನೊಂದು. ಹೀಗೆ. ಕಚೇರಿಯಿಂದ ಹದಿನಾರು ಅಡಿಯ ಉಕ್ಕಿನ ಟೇಪು ತೆಗೆದುಕೊಂಡಿದ್ದೆ. ಪ್ರತಿ ಬಾಗಿಲಲ್ಲೂ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಅದನ್ನು ಒರೆಸಿ, ಕಾಲು ತೊಳೆದು ಹೋಗುತ್ತಿದ್ದೆ. ಖಾಲಿ ಮನೆಗೆ ಇಷ್ಟೆಲ್ಲ ಯಾಕೆ ಎಂದು ಒಬ್ಬಾಕೆ ನಕ್ಕಳು. ಈ ಇಂಜಿನೇರಮ್ಮ ನಮಗಿಂತ ಮಡಿ ಕಣ್ರೇ ಎಂದು ಇನ್ನೊಬ್ಬಳು.

ಆ ನಾಲ್ಕೈದು ದಿನ ಅವು ನಿಜಕ್ಕೂ ಮನೆಗಳಾಗಿರುತ್ತಿದ್ದವು. ಹಜಾರದಲ್ಲಿ ಜನ ಕಾಲು ಚಾಚಿ ಮಲಗುತ್ತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸುಣ್ಣದ ವಾಸನೆಗೆ ಒಗ್ಗರಣೆ ವಾಸನೆ ಸೇರುತ್ತಿತ್ತು. ವಾಸದ ಕಲಮಿನಲ್ಲಿ ‘ಇದ್ದಾರೆ’ ಎಂದು ಬರೆದು, ಷರಾದಲ್ಲಿ ‘ಜೊತೆಗೆ ರೇಷ್ಮೆ ಸಾಕಣೆ’ ಎಂದು ಸೇರಿಸಿದೆ. ಸಾಹೇಬರು ಓದಿ, ಹುಳವನ್ನೂ ಫಲಾನುಭವಿ ಅಂತ ಸೇರಿಸಿಬಿಡು ಎಂದರು. ಅದು ತಮಾಷೆಯೋ ಸಿಟ್ಟೋ ಗೊತ್ತಾಗಲಿಲ್ಲ, ಸಹಿ ಹಾಕಿದರು.

ಮಾರ್ಚ್ 27ರ ಸಂಜೆಗೆ ಹದಿನೈದು ಆಯಿತು. ರೀಲಿನಲ್ಲಿ ಮೂರು ಚಿತ್ರ ಉಳಿದಿತ್ತು.

ಹದಿನಾರನೇ ಮನೆಯ ವಿಷಯಕ್ಕೆ ಮೂರು ದಾರಿ ಇದ್ದವು. ಕಾರ್ಯದರ್ಶಿ ಹೇಳಿದ್ದು, ಹದಿನಾರಕ್ಕೂ ಒಂದೇ ನಕ್ಷೆ ತಾನೆ, ಹದಿನೈದನೆಯದರ ಅಳತೆ ಇಳಿಸಿಬಿಡಿ, ಅಡುಗೆ ಕಟ್ಟೆಯ ಫೋಟೋ ಇನ್ನೊಂದು ಮನೆಯದು ಹಾಕಿ, ಬೆಂಗಳೂರಿನಲ್ಲಿ ಯಾರು ನೋಡ್ತಾರೆ. ಅವರು ಕೆಟ್ಟ ಮನುಷ್ಯರಲ್ಲ. ಆ ಟ್ಯಾಂಕಿಗಾಗಿ ಎರಡು ವರ್ಷ ಓಡಾಡಿದವರು. ಎರಡನೆಯದು, ಕಾಲು ತೊಳೆದು ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಮುಗಿಸಿ ಬರುವುದು. ಮೂರನೆಯದು, ಹದಿನೈದನ್ನೇ ಕಳಿಸಿ ಟ್ಯಾಂಕನ್ನು ಬಿಟ್ಟುಕೊಡುವುದು. ಕಾಲೊನಿಯ ಹೆಂಗಸರು ಮುಕ್ಕಾಲು ಮೈಲಿ ಆಚೆಯ ಕೈಪಂಪಿನಿಂದ ನೀರು ಹೊರುತ್ತಿದ್ದರು. ಹುಳದ ಮನೆ ತೊಳೆಯುವ ದಿನ ಒಬ್ಬೊಬ್ಬಳು ಹದಿನೈದು ಇಪ್ಪತ್ತು ಸಲ ಹೋಗಿ ಬರುವುದನ್ನು ನಾನೇ ಎಣಿಸಿದ್ದೆ.

28ರಂದು ಬೆಳಿಗ್ಗೆ ಹೋದಾಗ ಹದಿನಾರನೇ ಮನೆಯ ಮುಂದೆ ಹತ್ತು ಹನ್ನೆರಡು ಹೆಂಗಸರು ಸೇರಿದ್ದರು. ಮೂರನೇ ಮನೆಯ ಮುದುಕನೂ ಜಗಲಿಯ ತುದಿಯಲ್ಲಿದ್ದ. ನಾನು ಬರುವ ಮುಂಚೆಯೇ ಮಾತು ಬೆಳೆದಿತ್ತು. ಹದಿನೈದು ಜನ ಬಾಗಿಲು ತೆಗೆದಿದ್ದೇವೆ, ನಿನ್ನೊಬ್ಬಳ ಹುಳಕ್ಕೆ ಎಲ್ಲರೂ ಇನ್ನೊಂದು ವರ್ಷ ಬಿಂದಿಗೆ ಹೊರಬೇಕೇ ಎಂದು ಒಬ್ಬಳು. ಇನ್ನೊಬ್ಬಳು ಆಕೆಯ ಗಂಡನನ್ನೂ ಎಳೆದು ತಂದಳು, ಅವನು ಕಾರ್ಖಾನೆ ನಲ್ಲಿ ನೀರು ಕುಡೀತಾ ಅವನೆ, ಇವಳಿಗೇನು ಚಿಂತೆ ಅಂತ. ಮನೆಯಾಕೆ ಹೊಸ್ತಿಲ ಒಳಗೆ ನಿಂತು, ಕೈಯಲ್ಲಿ ಸೊಪ್ಪು ಹಿಡಿದೇ ಕೇಳುತ್ತಿದ್ದಳು. ಹುಳ ನಾಲ್ಕನೇ ಜ್ವರ ಎದ್ದು ಐದನೇ ದಿನ. ಹಗಲು ರಾತ್ರಿ ಮೇಯುವ ಕಾಲ. ನಿಂತಲ್ಲಿಂದಲೇ ಆ ಸದ್ದು ನನಗೂ ಕೇಳುತ್ತಿತ್ತು.

ಆಕೆ ಸೊಪ್ಪನ್ನು ಕೆಳಗಿಟ್ಟಳು. ಹೊಸ್ತಿಲ ಮುಂದೆ ಚೆಲ್ಲಿದ್ದ ಸುಣ್ಣವನ್ನು ಕಾಲಿನಿಂದ ಸರಿಸಿ ದಾರಿ ಮಾಡಿದಳು.

“ಬನ್ನಿ ಇಂಜಿನೇರಮ್ಮ. ಕಾಲು ತೊಳ್ಕೊಂಡು ಬನ್ನಿ. ಬಿರ್ರನೆ ಮುಗಿಸ್ಕೊಂಡು ಹೋಗ್ಬುಡಿ.”

ಒಬ್ಬಳು ಆಗಲೇ ಚೊಂಬಿನಲ್ಲಿ ನೀರು ತಂದಳು. ಇನ್ನೊಬ್ಬಳು ಒಳ್ಳೆಯ ಮನಸ್ಸಿನಿಂದಲೇ, ಏನೂ ಆಗಲ್ಲ ಹೋಗವ್ವ, ನೀನೇನು ಕಾಯಿಲೆ ಹೊತ್ಕೊಂಡು ತಿರುಗ್ತಿದೀಯಾ ಎಂದಳು.

ನಾನು ಚೊಂಬು ತೆಗೆದುಕೊಳ್ಳಲಿಲ್ಲ. ಡೈರಿ ತೆಗೆದು ಫೆಬ್ರವರಿ 27ರ ಪುಟವನ್ನು ಗಟ್ಟಿಯಾಗಿ ಓದಿದೆ. ಮೂರನೇ ಮನೆಯಿಂದ ಹೊರಬಂದದ್ದು ಹನ್ನೆರಡು, ನಾಲ್ಕನೇ ಮನೆಗೆ ಹನ್ನೆರಡು ಐದು, ಅಲ್ಲಿಂದ ಐದನೇ ಮನೆಗೆ ಹನ್ನೆರಡೂವರೆ. ನಡುವೆ ಕಾಲು ತೊಳೆಯಲಿಲ್ಲ, ಟೇಪು ಒರೆಸಲಿಲ್ಲ. ಕಾಯಿಲೆ ನನ್ನಿಂದ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಬಂದಿರಬಹುದು. ಇನ್ನೊಂದು ಸಲ ಆ ಸಂಶಯ ಇಟ್ಟುಕೊಂಡು ಮೇಯುವ ಹುಳದ ಮನೆಯೊಳಗೆ ಹೋಗಲಾರೆ ಎಂದೆ.

ನಾಲ್ಕನೇ ಮನೆಯಾಕೆ ನೆಲ ನೋಡುತ್ತಾ ಕೂತಿದ್ದಳು. ಜಗಲಿ ತುದಿಯಿಂದ ಮುದುಕನ ದನಿ ಬಂತು.

“ಆ ಹುಡುಗೀದೇನೂ ತಪ್ಪಿಲ್ಲ ಬುಡ್ರವ್ವ. ಅವಳು ಬರೋಕೆ ಎರಡು ದಿನ ಮುಂಚೆನೇ ನಮ್ಮ ಹುಳ ಹಾಲಾಗಿದ್ವು. ಕಾಣ್ಬಾರ್ದು ಅಂತ ನಾನೇ ಸೊಪ್ಪು ಮುಚ್ಚಿದ್ದೆ.”

ನಾಲ್ಕನೇ ಮನೆಯಾಕೆ ಎದ್ದು ಅವನ ಕಡೆ ತಿರುಗಿದಳು.

“ಒಂದ್ಮಾತು ಹೇಳಿದ್ರೆ ಬಾಗ್ಲು ಹಾಕ್ಕೊತಿರ್ಲಿಲ್ವಾ ಮಾವ?”

“ಯಾವ ಬಾಯಲ್ಲಿ ಹೇಳ್ಲಿ ಕಣವ್ವ.”

ಅಷ್ಟೇ ನಡೆದದ್ದು. ಜಗಳವಾಗಲಿಲ್ಲ. ಆದರೆ ಒಳಗೆ ಹೋಗು ಎಂದು ಮತ್ತೆ ಯಾರೂ ಹೇಳಲಿಲ್ಲ. ಚೊಂಬು ತಂದವಳು ನೀರನ್ನು ಗಿಡಕ್ಕೆ ಸುರಿದಳು. ಈಗ ಏನು ಮಾಡೋದು ಎಂಬ ಪ್ರಶ್ನೆ ಎಲ್ಲರ ಮುಖದಲ್ಲಿತ್ತು. ಅಲ್ಲಿಯವರೆಗೆ ನಾನೂ ಯೋಚಿಸಿರಲಿಲ್ಲ.

ಹದಿನಾರನೇ ಮನೆಯ ಕಿಟಕಿಗೆ, ಹುಳವನ್ನು ಕೊಲ್ಲುವ ಊಜಿ ನೊಣ ಬಾರದಂತೆ ನೈಲಾನ್ ಪರದೆ ಹೊಡೆದಿತ್ತು. ಪರದೆಯ ಈಚೆ ನಿಂತರೆ ಹಜಾರ ಪೂರ್ತಿ ಕಾಣುತ್ತಿತ್ತು. ಅಳತೆ ನಾನೇ ಹಿಡಿಯಬೇಕೆಂದು ನಮೂನೆ ಹೇಳುತ್ತದೆ. ಒಳಗಿರುವವಳು ಹಿಡಿದು ನಾನು ಹೊರಗಿಂದ ನೋಡಿದರೆ? ಮನೆಯಾಕೆಯನ್ನು ಕೇಳಿದೆ, ಟೇಪು ಹಿಡಿಯಲು ಬರುತ್ತದೆಯೇ ಎಂದು. ಪಾಯ ತೋಡಿದಾಗ ಮೇಸ್ತ್ರಿಯ ಜೊತೆ ಹಿಡಿದಿದ್ದೆ ಎಂದಳು.

ಉಕ್ಕಿನ ಟೇಪನ್ನು ಎರಡು ಸಲ ಬ್ಲೀಚಿಂಗ್ ನೀರಿನಲ್ಲಿ ಒರೆಸಿ ಬಿಸಿಲಿಗಿಟ್ಟೆ. ಕ್ಯಾಮೆರಾವನ್ನು ನೀರಿಗೆ ತೋರಿಸುವಂತಿರಲಿಲ್ಲ. ಆಕೆ ಕೈಗೆ ಹೊಸ ಪ್ಲಾಸ್ಟಿಕ್ ಕವರು ಹಾಕಿಕೊಂಡು, ಗಾಜು ಮಾತ್ರ ಹೊರಗಿರುವಂತೆ ಇನ್ನೊಂದು ಕವರಿನಲ್ಲಿ ಅದನ್ನು ಸುತ್ತಿ ತೆಗೆದುಕೊಂಡಳು. ಹೊಸ್ತಿಲ ಮೇಲೆ ಇಟ್ಟದ್ದನ್ನು ಒಳಗಿಂದ ಎತ್ತಿಕೊಂಡಳು, ನಮ್ಮ ಕೈ ತಾಕಲಿಲ್ಲ.

ಪರದೆಗೆ ಮುಖ ಒತ್ತಿ ನಾನು ಹೇಳುತ್ತಾ ಹೋದೆ. ಟೇಪಿನ ತುದಿಯನ್ನು ಗೋಡೆಯ ಬುಡಕ್ಕೆ ಒತ್ತಿ ಒಂದು ಇಟ್ಟಿಗೆ ಇಡು. ಎಳೆದುಕೊಂಡು ಈ ಗೋಡೆಗೆ ಬಾ. ಅಟ್ಟಣೆಯ ಕಾಲಿಗೆ ತಾಕಿ ಟೇಪು ಸೊಟ್ಟಗಾಗಿದೆ, ಬಿಟ್ಟು ಮತ್ತೆ ಎಳಿ. ಆಕೆ ಅಂಕಿ ಓದುತ್ತಿದ್ದಳು. ಅವಳು ಓದಿದ್ದು ನಂಬುವುದು ಸಾಲದೆಂದು, ಟೇಪಿನ ಆ ಜಾಗಕ್ಕೆ ಹೆಬ್ಬೆರಳೊತ್ತಿ ಕಿಟಕಿಗೆ ತಂದು ತೋರಿಸು ಎಂದೆ.

“ಹದಿನಾಲ್ಕು ಅಡಿ ಮೂರು ಅಂಗುಲ. ನೋಡ್ಕೊಳಿ, ಆಮೇಲೆ ಒಸಿ ಹೆಚ್ಚು ಕಮ್ಮಿ ಅಂದ್ರೆ ನಾನು ಜವಾಬ್ದಾರಿ ಅಲ್ಲ.”

ಹೊರಗೆ ಎಲ್ಲರೂ ನಕ್ಕರು. ಅಗಲ ಒಂಬತ್ತು ಅಡಿ ಆರು ಅಂಗುಲ. ಎತ್ತರಕ್ಕೆ ಬಿದಿರು ಕೋಲಿಗೆ ಟೇಪು ಕಟ್ಟಿ ಸೂರಿಗೆ ಮುಟ್ಟಿಸಿದಳು. ಖಾಲಿ ಮನೆಗಳಿಗೆ ತಲಾ ಹತ್ತು ನಿಮಿಷ ಹಿಡಿದಿದ್ದರೆ ಇದಕ್ಕೆ ಐವತ್ತು ನಿಮಿಷ ಹಿಡಿಯಿತು. ಕೊನೆಗೆ ಅಡುಗೆ ಕಟ್ಟೆಯ ಮೇಲಿನ ಸೊಪ್ಪು ಸರಿಸಿ ಫೋಟೋ ತೆಗೆದಳು. ಮೂರರಲ್ಲಿ ಒಂದು ಕಪ್ಪಾಯಿತು, ಒಂದರಲ್ಲಿ ಅವಳ ಬೆರಳು ಬಂತು. ಮೂರನೆಯದರಲ್ಲಿ ಕಟ್ಟೆ ಇತ್ತು, ಅದರ ಪಕ್ಕ ಹುಳದ ತಟ್ಟೆಗಳೂ ಇದ್ದವು. ಒಲೆ ಹಚ್ಚಿರಲಿಲ್ಲ. ಮೇಯುವ ಹುಳದ ಪಕ್ಕ ಹೊಗೆ ಹಾಕುವಂತಿಲ್ಲ. ಮನೆಯ ಮುಂದಿನ ಚಿತ್ರಕ್ಕೆ ಮಾತ್ರ ರೀಲು ಉಳಿಯಲಿಲ್ಲ. ಮರುದಿನ ಪೇಟೆಯ ಸ್ಟುಡಿಯೋದವನನ್ನೇ ಕರೆತಂದು ತೆಗೆಸಿದೆ.

ಮಾರ್ಚ್ 30ರಂದು ಹದಿನಾರನೇ ನಮೂನೆ ತುಂಬಿದೆ. ‘ಖುದ್ದು ಮನೆಯೊಳಗೆ ಹೋಗಿ’ ಎಂಬ ಪದಗಳನ್ನು ಒಂದು ಗೆರೆಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಷರಾದಲ್ಲಿ ಬರೆದದ್ದು: ಮನೆಯೊಳಗೆ ರೇಷ್ಮೆ ಹುಳ ಕೊನೆಯ ಹಂತದಲ್ಲಿದ್ದು, ರೋಗ ತಗಲುವ ಸಂಭವವಿದ್ದ ಕಾರಣ ನಾನು ಒಳಗೆ ಹೋಗಿಲ್ಲ, ಫಲಾನುಭವಿಯು ಹಿಡಿದ ಅಳತೆಯನ್ನು ಕಿಟಕಿಯಿಂದ ನೋಡಿ ಬರೆದುಕೊಂಡಿದ್ದೇನೆ, ಏಪ್ರಿಲ್ 7ರ ನಂತರ ಖುದ್ದು ಅಳೆದು ವರದಿ ಮಾಡುತ್ತೇನೆ.

ಸಾಹೇಬರು ಎರಡು ಸಲ ಓದಿದರು.

“ಏನಮ್ಮ, ಈ ಗೆರೆ ಹೊಡೆಯದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

ನಾನು ಹೋಗಿಲ್ಲ ಸಾರ್ ಎಂದೆ.

ಅವರು ಬೇರೆ ಹಾಳೆ ಕೊಡಲಿಲ್ಲ. ಬೈಯಲೂ ಇಲ್ಲ. ಹದಿನೈದು ಹಾಳೆಯ ಮೇಲೆ ‘ದೃಢೀಕರಿಸಿದೆ’ ಎಂದಿದ್ದವರು ಹದಿನಾರನೆಯದರ ಮೇಲೆ ‘ನೋಡಿದೆ’ ಎಂದಷ್ಟೇ ಬರೆದು ಸಹಿ ಹಾಕಿದರು. ಕಚೇರಿಯಲ್ಲಿ ಆ ಎರಡರ ನಡುವೆ ಬಹಳ ದೂರ. ಬರುವುದೇನಿದ್ದರೂ ನನ್ನ ತಲೆಗೇ ಬರುವಂತೆ ಅದು. ಆದರೂ ಕಡತ 31ರ ಮಧ್ಯಾಹ್ನ ಆಳಿನ ಕೈಯಲ್ಲಿ ಬೆಂಗಳೂರಿಗೆ ಹೋಯಿತು.

ಏಪ್ರಿಲ್ 8ರಂದು, ಪತ್ರ ಯಾವುದೂ ಬರುವ ಮುಂಚೆ, ಹದಿನಾರನೇ ಮನೆಗೆ ಹೋದೆ. ಬಾಗಿಲು ಹಾರುಹೊಡೆದಿತ್ತು. ಸುಣ್ಣ ಇನ್ನೂ ಹಸಿ. ಗೂಡು ಹಿಂದಿನ ದಿನವೇ ರಾಮನಗರದ ಮಾರುಕಟ್ಟೆಗೆ ಹೋಗಿತ್ತು. ಬೆಳೆ ಚೆನ್ನಾಗಿ ಬಂತೇ ಎಂದು ನಾನು ಕೇಳುವ ಮೊದಲೇ ಆಕೆ, ತೋಟದವನು ಬಂದು ಮುಂದಿನ ಬೆಳೆಗೆ ಯಾವತ್ತು ಚಾಕಿ ಕಟ್ಟುತ್ತೀಯ ಎಂದು ವಿಚಾರಿಸಿಕೊಂಡು ಹೋದ ಎಂದಳು. ಉದ್ದ ಅಳೆದೆ. ಹದಿನಾಲ್ಕು ಅಡಿ ಮೂರೂವರೆ ಅಂಗುಲ. ಅರ್ಧ ಅಂಗುಲ ಅವಳ ಹೆಬ್ಬೆರಳಿನದು.

17ಕ್ಕೆ ಬೆಂಗಳೂರಿನಿಂದ ಆಕ್ಷೇಪಣೆ ಬಂತು: ಕ್ರಮ ಸಂಖ್ಯೆ 16ರ ಅಳತೆಯನ್ನು ಖುದ್ದು ಪರಿಶೀಲಿಸಿ ವರದಿ ಸಲ್ಲಿಸುವುದು, ಈ ಬಗೆಯ ಷರಾ ಬರೆದುದಕ್ಕೆ ಸಮಜಾಯಿಷಿ ನೀಡುವುದು. ಉತ್ತರ ನನ್ನ ಬಳಿ ತಯಾರಿತ್ತು, ಅಂದೇ ಕಳಿಸಿದೆ. ಸಮಜಾಯಿಷಿಗೆ ಒಂದು ಪುಟ ಹಿಡಿಯಿತು. ಆಕ್ಷೇಪಣೆ ಬಂದ ಕಡತ ಬದುಕಿರುವ ಕಡತ, ಪಟ್ಟಿಯಲ್ಲಿ ಅದರ ಜಾಗ ಹೋಗುವುದಿಲ್ಲ ಎಂದು ಆಗಲೇ ನನಗೆ ಕಾರ್ಯದರ್ಶಿ ಹೇಳಿದ್ದು. ಸಾಹೇಬರಿಗೆ ಅದು ಮೊದಲೇ ಗೊತ್ತಿತ್ತೇನೋ, ನಾನು ಕೇಳಲಿಲ್ಲ. ಸಮಜಾಯಿಷಿಯ ನಕಲು ನನ್ನ ಸೇವಾ ಕಡತದಲ್ಲಿ ಸೇರಿದೆ.

ಮೇ ಕೊನೆಯಲ್ಲಿ ಟ್ಯಾಂಕು ಮಂಜೂರಾಯಿತು. ಜೂನ್ 4ರಂದು ನಲ್ಲಿಗಳ ಜಾಗ ಗುರುತು ಮಾಡಲು ಸುಣ್ಣದ ಪುಡಿ ಹಿಡಿದು ಹೋದೆ. ನಾಲ್ಕು ನಲ್ಲಿ, ನಾಲ್ಕು ಮನೆಗೊಂದು. ನಕ್ಷೆಯ ಪ್ರಕಾರ ನಾಲ್ಕನೆಯದು ಹದಿನಾರನೇ ಮನೆಯ ಬಾಗಿಲ ಎದುರಿಗೇ ಬೀಳುತ್ತಿತ್ತು. ಪುಡಿ ಹಾಕಿ ತಲೆ ಎತ್ತಿದರೆ ಆಕೆ ಒಳಗಿಂದಲೇ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದಳು. ಒಳಗೆ ಹುಳ ಇತ್ತು, ಎರಡನೇ ಜ್ವರ. ಬಾಗಿಲಲ್ಲಿ ನೀರು ನಿಂತು ಕೆಸರಾದರೆ ಹುಳಕ್ಕೆ ಒಳ್ಳೆಯದಲ್ಲ, ಆಚೆ ಮೂಲೆಗೆ ಹಾಕಿ, ನಾನು ನಡೆದು ಬಂದು ಹಿಡ್ಕೋತೀನಿ ಎಂದಳು.

ನಾಲ್ಕನೇ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ನಿನ್ನಿಂದ ಈ ನಲ್ಲಿ ಕೈ ತಪ್ಪೋದ್ರಲ್ಲಿತ್ತು. ಈಗ ಬಾಗ್ಲಿಗೆ ಬಂದ್ರೆ ಬ್ಯಾಡ ಅಂತೀಯಲ್ಲೇ?”

“ನಲ್ಲಿ ಬಂದ್ರೆ ಬರ್ಲಿ ಕಣಕ್ಕ. ಅದ್ರ ಜೊತೆ ನೀವೆಲ್ಲ ಬತ್ತೀರಲ್ಲ.”

ಹಾಕಿದ್ದ ಗುರುತನ್ನು ಕಾಲಿನಿಂದ ಅಳಿಸಿ, ಅಲ್ಲಿಂದ ನಲವತ್ತು ಅಡಿ ಅಳೆದು, ಹೊಸ ಗುರುತು ಹಾಕಿದೆ.